ಕಲ್ಲು ಹೇಗೆ ನಿಂತಿದೆ ಎಂದು ಕೇಳಿದಿರಲ್ಲ

ಮಿನಿಯಾಪೊಲಿಸ್
ಜನವರಿ 18

ಪ್ರೀತಿಯ ಅಪ್ಪಯ್ಯ, ಅಮ್ಮ,

ನಮಸ್ಕಾರ. ನಾನು ಚೆನ್ನಾಗಿದ್ದೇನೆ. ಹೊರಗೆ ಮೊಣಕಾಲುದ್ದ ಹಿಮ ಬಿದ್ದಿದೆ. ಸಮುದ್ರ ಇಲ್ಲಿಂದ ಸಾವಿರ ಕಿಲೋಮೀಟರಿಗೂ ಜಾಸ್ತಿ ದೂರ.

ಕಳೆದ ವಾರ ಕಳಿಸಿದ, ನಾನು ಮೀನು, ಹವಳ ಸಾಕುವ ಉಪ್ಪುನೀರಿನ ಗಾಜಿನ ತೊಟ್ಟಿಯ ಫೋಟೋ ನೋಡಿ ಎಲ್ಲರೂ ಮೀನಿನ ಬಗ್ಗೆ ಕೇಳಿದರು. ನೀವೊಬ್ಬರೇ, ಅಪ್ಪಯ್ಯ, "ಆ ಕಲ್ಲು ಹಾಗೆ ಚಾಚಿಕೊಂಡು ಹೇಗೆ ನಿಂತಿದೆ?" ಎಂದಿರಿ. ಫೋನಿನಲ್ಲಿ ಸರಿಯಾಗಿ ಹೇಳಲಾಗಲಿಲ್ಲ. 40 ವರ್ಷ ಮುರಕಲ್ಲು ಕಟ್ಟಿದವರಿಗೆ ಎರಡು ಮಾತಿನಲ್ಲಿ ಹೇಳಿ ಮುಗಿಸಲು ನನಗೆ ಮನಸ್ಸೂ ಬರಲಿಲ್ಲ. ಅದಕ್ಕೇ ಈ ಪತ್ರ.

ತೊಟ್ಟಿಗೆ ಮೇಲೆ ಪಟ್ಟಿಯಿಲ್ಲ, ಸುತ್ತ ಚೌಕಟ್ಟಿಲ್ಲ. ಐದು ಗಾಜು, ಸಿಲಿಕೋನ್ ಅಂಟು, ಅಷ್ಟೇ. ಇದಕ್ಕೆ ರಿಮ್‌ಲೆಸ್ ಎನ್ನುತ್ತಾರೆ. 75 ಸೆಂಟಿಮೀಟರ್ ಉದ್ದ, 45 ಅಗಲ, 40 ಎತ್ತರ. ಗಾಜು 10 ಮಿಲಿಮೀಟರ್ ದಪ್ಪ. ನೀರು, ಕಲ್ಲು, ಮರಳು, ಕೆಳಗಿನ ಮೇಜು ಎಲ್ಲ ಸೇರಿ 150 ಕಿಲೋ ದಾಟುತ್ತದೆ. ಇಲ್ಲಿ ಮನೆಯ ನೆಲ ಮರದ್ದು. ಹಲಗೆಯ ಕೆಳಗೆ ತೊಲೆಗಳು ಯಾವ ಕಡೆಗೆ ಹೋಗಿವೆ ಎಂದು ಮೊದಲು ನೋಡಿಕೊಂಡೆ. ಭಾರ ಒಂದೇ ತೊಲೆಯ ಮೇಲೆ ಬೀಳದ ಹಾಗೆ ಗೋಡೆಯ ಹತ್ತಿರ ಇಟ್ಟೆ.

ಆದರೆ ಮಟ್ಟ ನೋಡಲಿಲ್ಲ. ನೀವು ಕೊಟ್ಟ ರಸಮಟ್ಟ ಪೆಟ್ಟಿಗೆಯಲ್ಲೇ ಇತ್ತು. ಅವಸರದಲ್ಲಿ ತೆಗೆಯಲಿಲ್ಲ. ಸೋರುತ್ತದೆಯೋ ನೋಡೋಣ ಎಂದು ನಲ್ಲಿ ನೀರು ತುಂಬಿಸಿದೆ. ಬಲಗಡೆ ನೀರು 4 ಮಿಲಿಮೀಟರ್ ಮೇಲೆ ನಿಂತಿತ್ತು! ಪಟ್ಟಿ ಇದ್ದಿದ್ದರೆ ಅದರ ಹಿಂದೆ ಮುಚ್ಚಿಹೋಗುತ್ತಿತ್ತು. ಇಲ್ಲಿ ನೀರಿನ ಗೆರೆಯೇ ಎಲ್ಲ ತೋರಿಸಿಬಿಡುತ್ತದೆ. ತೊಟ್ಟಿ ಓರೆಯಾದರೆ ಒಂದು ಕಡೆಯ ಅಂಟಿಗೆ ಜಾಸ್ತಿ ಒತ್ತಡ. ಪೂರ್ತಿ ಖಾಲಿ ಮಾಡಿದೆ. ಮೇಜಿನ ಕಾಲಿನಡಿ ಬೆಣೆ ಕೊಟ್ಟು, ನಿಮ್ಮ ರಸಮಟ್ಟವನ್ನು ಉದ್ದ, ಅಗಲ, ಮೂಲೆಯಿಂದ ಮೂಲೆಗೆ ಇಟ್ಟು ನೋಡಿದೆ. ಗಾಜಿನಡಿ ಬೆಣೆ ಕೊಡಬಾರದು, ಅಲ್ಲೇ ಬಿರುಕು ಬಿಡುತ್ತದೆ. ಅಲ್ಲಿಗೆ ತೆಳು ಫೋಮ್ ಹಾಸಿದ್ದೇನೆ. ಅಡಿಪಾಯ ಸರಿಯಿಲ್ಲದೆ ಗೋಡೆ ಏಳಿಸಬೇಡ ಎಂದು ನೀವು ಎಷ್ಟು ಸಲ ಹೇಳಿದ್ದಿರಿ.

ಇನ್ನು ಕಲ್ಲು. ಇದು ಹಳೆಯ ಹವಳದ ಕಲ್ಲು, ಒಣಗಿದ್ದು. ಮುರಕಲ್ಲಿನ ಹಾಗೆಯೇ ಮೈತುಂಬ ತೂತು, ಆದರೆ ಬಿಳಿ, ಕೈಗೆ ಹಗುರ. ಒಟ್ಟು 12 ಕಿಲೋ ತಂದೆ. ತೊಟ್ಟಿಯ ಅಳತೆಗೆ ರಟ್ಟು ಕತ್ತರಿಸಿ, ಅದರ ಮೇಲೆ ಮೂರು ರಾತ್ರಿ ಜೋಡಿಸಿದೆ. ನೀವು ಮಾಡುವ ಹಾಗೆ ಪ್ರತಿ ಕಲ್ಲನ್ನೂ ತಿರುಗಿಸಿ ತಿರುಗಿಸಿ ಮುಖ ನೋಡಿದೆ. ಬೇಕಾದಲ್ಲಿ ಚಾಣ, ಸುತ್ತಿಗೆ ಹಿಡಿದೆ. ಗೋಡೆಯ ಹಾಗೆ ಒತ್ತಾಗಿ ಪೇರಿಸಿದರೆ ಆಗುವುದಿಲ್ಲ. ಸಂದಿನಲ್ಲಿ ನೀರು ಓಡಾಡದಿದ್ದರೆ ಕಸ ನಿಂತು ಕೊಳೆಯುತ್ತದೆ. ಹಾಗಾಗಿ ಎಡಗಡೆ ದೊಡ್ಡ ದಿಬ್ಬ, ಬಲಗಡೆ ಚಿಕ್ಕದು, ನಡುವೆ ಮರಳಿನ ಓಣಿ. ಗಾಜಿಗೂ ಕಲ್ಲಿಗೂ ನಡುವೆ ಕೈ ಹೋಗುವಷ್ಟು ಜಾಗ ಬಿಟ್ಟಿದ್ದೇನೆ, ಪಾಚಿ ಕೆರೆಯಲು ಬೇಕಲ್ವಾ.

ನೀವು ಕೇಳಿದ ಚಾಚು ದೊಡ್ಡ ದಿಬ್ಬದ ಮೇಲಿದೆ. ಎರಡನೇ ರಾತ್ರಿ ಅದು ಬಿದ್ದು ಎರಡು ತುಂಡಾಯಿತು. ಬರೀ ಅಂಟನ್ನು ನಂಬಿದ್ದೆ. ಆಮೇಲೆ ಒಣಗಾಗಿಯೇ, ಅಂಟಿಲ್ಲದೆ ನಿಲ್ಲುವವರೆಗೆ ಜೋಡಿಸಿದೆ. ಚಾಚಿನ ಮೂರರಲ್ಲಿ ಎರಡು ಪಾಲು ಹಿಂದೆ ಕೂತಿದೆ, ಅದರ ಮೇಲೊಂದು ಭಾರದ ಕಲ್ಲಿದೆ. ಆಮೇಲಷ್ಟೇ ಸೂಪರ್ ಗ್ಲೂ ಹಾಕಿ, ಮೇಲಿಂದ ಹವಳದ ಮರಳು ಉದುರಿಸಿದೆ. ಮರಳು ತಾಗಿದ ಕೂಡಲೇ ಅಂಟು ಕಲ್ಲಿನಷ್ಟು ಗಟ್ಟಿಯಾಗುತ್ತದೆ. ದಿಬ್ಬಗಳನ್ನು ಮೊದಲು ಗಾಜಿನ ತಳದ ಮೇಲೆ ಕೂರಿಸಿ, ಆಮೇಲೆ ಸುತ್ತ ಮರಳು ಹಾಕಿದೆ. ಮರಳಿನ ಮೇಲೆ ಕಲ್ಲಿಟ್ಟರೆ, ಅಡಿಯಲ್ಲಿ ಬಿಲ ತೋಡುವ ಮೀನು ಇಡೀ ದಿಬ್ಬವನ್ನೇ ಉರುಳಿಸಬಹುದು.

ಅಮ್ಮ, ಉಪ್ಪುನೀರನ್ನು ದಿನಾ ಬದಲಿಸಬೇಕಾ ಎಂದು ನೀನು ಕೇಳಿದ್ದೆ. ಬೇಡ. ಶುದ್ಧ ಮಾಡಿದ ನೀರಿಗೆ ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಉಪ್ಪು ಇರಬೇಕು. ನೀರು ಆರಿದರೂ ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಅದಕ್ಕೆ ದಿನಾ ಸೇರಿಸುವುದು ಸಿಹಿನೀರು. ಚಳಿಗಾಲದಲ್ಲಿ ಹೀಟರ್ ಗಾಳಿಗೆ ದಿನಕ್ಕೆ ಒಂದೆರಡು ಲೀಟರ್ ಆರಿಹೋಗುತ್ತದೆ. ಆ ಸಿಹಿನೀರಿಗೆ ಏನು ಬೆರೆಸುತ್ತೇನೆ ಗೊತ್ತಾ? ಸುಣ್ಣದ ತಿಳಿ! ಸುಣ್ಣ ಕದಡಿ, ತಂಗಲು ಬಿಟ್ಟು, ಮೇಲಿನ ತಿಳಿಯನ್ನಷ್ಟೇ ರಾತ್ರಿ ಹನಿಹನಿಯಾಗಿ ಬಿಡುತ್ತೇನೆ. ಒಮ್ಮೆಗೇ ಸುರಿದರೆ ಮೀನು ಸಾಯುತ್ತದೆ. ಹವಳ ಎಂಬ ಪ್ರಾಣಿ ನೀರಿನಲ್ಲಿರುವ ಸುಣ್ಣವನ್ನೇ ಹೀರಿ ತನ್ನ ಮನೆ ಕಟ್ಟಿಕೊಳ್ಳುತ್ತದೆ. ಅಜ್ಜ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದರಲ್ಲ, ಆ ಚಿಪ್ಪೂ ಹೀಗೆಯೇ ಆದದ್ದು. ಇದನ್ನು ಮೊದಲ ಸಲ ಓದಿದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನೀರು ತುಂಬಿಸಿದ ಮೇಲೆ ಐದು ವಾರ ಮೀನು ಹಾಕಲಿಲ್ಲ. ಕಲ್ಲಿನ ತೂತುಗಳಲ್ಲಿ ಬ್ಯಾಕ್ಟೀರಿಯಾ ಕೂರಬೇಕು. ಮೀನಿನ ಹೊಲಸಿನಿಂದ ಬರುವ ಅಮೋನಿಯಾ ವಿಷ. ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡಿ, ಆಮೇಲೆ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಮಾಡುತ್ತದೆ. ಆಮೇಲೆ ಎಲ್ಲ ಕಡೆ ಕಂದು ಪಾಚಿ ಹಿಡಿಯಿತು. ಕಾದೆ, ಹೋಯಿತು. ಈಗ ಎರಡು ಕ್ಲೌನ್ ಮೀನುಗಳಿವೆ, ತೊಟ್ಟಿಯಲ್ಲೇ ಹುಟ್ಟಿ ಬೆಳೆದವು. ಇವು ಹುಟ್ಟುವಾಗ ಎಲ್ಲವೂ ಗಂಡು, ಜೋಡಿಯಲ್ಲಿ ದೊಡ್ಡದು ಹೆಣ್ಣಾಗುತ್ತದೆ. ಹಾರಿ ಹೊರಗೆ ಬೀಳದ ಹಾಗೆ ಮೇಲೆ ಬಲೆ ಹಾಕಿದ್ದೇನೆ.

ತಮ್ಮನಿಗೆ ಒಂದು ಮಾತು ಹೇಳಿ. ನೇತ್ರಾಣಿಗೆ ಡೈವಿಂಗ್ ಹೋದಾಗ ಒಂದು ತುಂಡು ಹವಳ ತರಲಾ ಎಂದು ಕೇಳಿದ್ದಾನೆ. ಖಂಡಿತ ಬೇಡ. ನಮ್ಮ ದೇಶದಲ್ಲಿ ಕಲ್ಲುಹವಳಕ್ಕೆ ವನ್ಯಜೀವಿ ಕಾಯ್ದೆಯಲ್ಲಿ ಹುಲಿಗೆ ಇರುವಂಥ ರಕ್ಷಣೆಯಿದೆ. ಕೀಳುವುದೂ ತಪ್ಪು, ಇಟ್ಟುಕೊಳ್ಳುವುದೂ ತಪ್ಪು. ನಾನು ತಂದದ್ದು ಹೆಬ್ಬೆರಳಿನಷ್ಟು ತುಂಡು, ಬೇರೆ ತೊಟ್ಟಿಯಲ್ಲಿ ಬೆಳೆದ ಹವಳದಿಂದ ಕತ್ತರಿಸಿದ್ದು. ಮುರುಡೇಶ್ವರದ ಎದುರಿನ ಆ ನಡುಗಡ್ಡೆಯಲ್ಲಿ ಅವನು ಕಣ್ತುಂಬ ನೋಡಿ ಬರಲಿ. ಅವನ ಮೇಲೆ ನನಗೆ ಹೊಟ್ಟೆಕಿಚ್ಚಿದೆ.

ಅಪ್ಪಯ್ಯ, ಇದರ ಜೊತೆ ಎರಡು ಫೋಟೋ ಇಟ್ಟಿದ್ದೇನೆ, ಒಂದು ಮುಂದಿನಿಂದ, ಇನ್ನೊಂದು ಪಕ್ಕದಿಂದ. ಬಲಗಡೆಯ ಚಿಕ್ಕ ದಿಬ್ಬ ನನಗೆ ಸ್ವಲ್ಪ ಬೋಳು ಕಾಣುತ್ತದೆ. ಅಂಗೈಯಗಲದ ಒಂದು ಕಲ್ಲು ಮಿಕ್ಕಿದೆ. ಅದನ್ನು ಮೇಲೆ ಇಡಲಾ, ಬುಡಕ್ಕೆ ಒರಗಿಸಲಾ, ಇಲ್ಲ ಹಾಗೇ ಬಿಡಲಾ? ಹವಳ ಹಬ್ಬಿದ ಮೇಲೆ ಮುಟ್ಟಲಾಗುವುದಿಲ್ಲ. ಕನ್ನಡಕ ಹಾಕಿಕೊಂಡು ಸಾವಕಾಶ ನೋಡಿ ಹೇಳಿ. ಕಲ್ಲನ್ನು ಮೇಜಿನ ಮೇಲೆಯೇ ಇಟ್ಟಿರುತ್ತೇನೆ.

ನಿಮ್ಮ ಮಗ