ಪಕ್ಕದ ಮಳಿಗೆ ಹಿಡಿಯುವ ಮುಂಚೆ

ತಿಪಟೂರು

ಚಿರಂಜೀವಿ ಮಗನಿಗೆ ದೊಡ್ಡಪ್ಪನ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಕ್ಷೇಮ. ನಿಮ್ಮ ದೊಡ್ಡಮ್ಮನ ಮಂಡಿ ನೋವು ಈಗ ಪರವಾಗಿಲ್ಲ, ಮೆಟ್ಟಿಲು ಹತ್ತುತ್ತಾಳೆ.

ಮೊನ್ನೆ ನಿಮ್ಮಪ್ಪ ಫೋನ್ ಮಾಡಿದ್ದ. ಹುಳಿಯಾರಿನಲ್ಲಿ ಸುಟ್ಟ ಮೋಟರಿಗೆ ತಂತಿ ಸುತ್ತೋ ನಿನ್ನ ವೈಂಡಿಂಗ್ ಅಂಗಡಿಯ ಪಕ್ಕದ ಮಳಿಗೆ ಖಾಲಿಯಾಗಿದೆಯಂತೆ. ಅದನ್ನೂ ಹಿಡಿದು ಹೊಸ ಪಂಪ್‌ಸೆಟ್ ಇಟ್ಟು ಮಾರಬೇಕು ಅಂತ ನಿನ್ನ ಆಸೆಯಂತೆ. ಡೀಲರ್ ಒಬ್ಬರು 8 ಸೆಟ್ ಸಾಲದ ಮೇಲೆ ಕೊಡ್ತೀನಿ ಅಂದಿದ್ದಾರಂತೆ. ‘ನೀನೊಂದು ಮಾತು ಹೇಳಣ್ಣ’ ಅಂದ. ಫೋನಿನಲ್ಲಿ ಹೇಳಿ ಮುಗಿಸೋ ಮಾತಲ್ಲ ಇದು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಿನ್ನ ಆಸೆ ತಪ್ಪು ಅಂತ ಹೇಳುವುದಿಲ್ಲ. ಹೊಸ ಪಂಪ್ ಮೂರು ತಿಂಗಳಿಗೇ ಕೆಟ್ಟರೆ ರೈತನ ಪಾಡು ಏನು ಅಂತ ನೀನೂ ನೋಡಿದ್ದೀಯ. ಅಂಗಡಿಯವನು ‘ಇಳಿಸಿದವರು ಸರಿಯಾಗಿ ಇಳಿಸಿಲ್ಲ’ ಅನ್ನುತ್ತಾನೆ. ಮೆಕ್ಯಾನಿಕ್ ‘ಪೀಸೇ ಸರಿ ಇಲ್ಲ’ ಅನ್ನುತ್ತಾನೆ. ವಾರಂಟಿ ಕಾರ್ಡ್ ಹಿಡಿದು ರೈತ ಇಬ್ಬರ ಮಧ್ಯೆ ಅಲೆಯುತ್ತಾನೆ, ಅತ್ತ ತೋಟ ಒಣಗುತ್ತದೆ. ಮಾರಿದವನೇ ಇಳಿಸಿದ್ದರೆ ಹಿಡಿದು ಕೇಳೋಕೆ ಒಬ್ಬ ಇರುತ್ತಾನೆ. ಇದು ಸಣ್ಣ ಮಾತಲ್ಲ. ನಿನ್ನ ಕಡೆಯ ನ್ಯಾಯ ಇಷ್ಟಂತೂ ಇದೆ ಅಂತ ಒಪ್ಪಿಕೊಂಡೇ ಮುಂದೆ ಬರೆಯುತ್ತೇನೆ.

ನಾನೂ ಮಾರಿದವನೇ. ನೀನಾಗ ಹೈಸ್ಕೂಲಿನಲ್ಲಿದ್ದೆ, ನಿನಗೆ ಯಾರೂ ಹೇಳಿರಲಿಕ್ಕಿಲ್ಲ. 2012ರಲ್ಲಿ 6 ಸೆಟ್ ತಂದು ಅಂಗಡಿಯಲ್ಲಿ ಸಾಲಾಗಿ ನಿಲ್ಲಿಸಿದ್ದೆ. ಕೊಯಮತ್ತೂರಿನ ಮಾಲು, ಒಳ್ಳೇ ಮಾಲೇ. ತಿಂಗಳಾದರೆ ಬಡ್ಡಿ ಕಟ್ಟಬೇಕು. ಬೆಳಿಗ್ಗೆ ಬಾಗಿಲು ತೆಗೆದರೆ ಮೊದಲು ಕಣ್ಣಿಗೆ ಬೀಳುತ್ತಿದ್ದುದೇ ಅವು.

ಏಪ್ರಿಲ್ ತಿಂಗಳು, ತೆಂಗಿಗೆ ನೀರು ಬಿಡಲೇಬೇಕಾದ ಹೊತ್ತು. ಒಬ್ಬ ರೈತ ಬಂದ. ಸ್ಟಾರ್ಟರ್ ಒತ್ತಿದರೆ ಟ್ರಿಪ್ ಆಗುತ್ತಿದೆ ಅಂದ. ಹೋಗಿ ಪ್ಯಾನೆಲ್ ಬೋರ್ಡ್ ಹತ್ತಿರ ಕೇಬಲ್ ಬಿಚ್ಚಿ, ಕರೆಂಟ್ ಸೋರುತ್ತಿದೆಯಾ ಅಂತ ನೋಡೋಕೆ ಮೆಗ್ಗರ್ ತಿರುಗಿಸಿದೆ. ಮುಳ್ಳು ಸೊನ್ನೆ ಬಿಟ್ಟು ಏಳಲಿಲ್ಲ, ಅಂದರೆ ಎಲ್ಲೋ ಸೋರುತ್ತಿದೆ. 620 ಅಡಿಯಿಂದ ಪಂಪ್ ಎತ್ತಿಸಿದೆವು. ಎತ್ತಿದ ಮೇಲೆ ಮೋಟರ್ ಹತ್ತಿರದ ಕೇಬಲ್ ಜಾಯಿಂಟ್ ಕತ್ತರಿಸಿ, ಮೋಟರನ್ನೇ ಬೇರೆಯಾಗಿ ಟೆಸ್ಟ್ ಮಾಡಬೇಕು. ನಿನಗೆ ಮೊದಲ ವಾರವೇ ಕಲಿಸಿದ ಪಾಠ ಅದು. ಅವತ್ತು ನಾನು ಮಾಡಲಿಲ್ಲ. ‘ಮೋಟರ್ ಹೋಗಿದೆ, ಹಳೇದು ಬೇರೆ, ವೈಂಡಿಂಗ್ ಮಾಡಿದರೂ ಬಾಳಿಕೆ ಬರಲ್ಲ, ಹೊಸದೇ ಹಾಕಿಬಿಡು’ ಅಂದೆ.

ಮೋಸ ಮಾಡಬೇಕು ಅಂತ ಹೇಳಿದ್ದಲ್ಲ ಮಗಾ. ನನಗೆ ನಿಜವಾಗಿ ಹಾಗೇ ಕಂಡಿತು. ನನಗೆ ಭಯ ಇರೋದು ಇದೇ. ಮೋಸಗಾರನಿಗೆ ತಾನು ಮೋಸ ಮಾಡುತ್ತಿದ್ದೇನೆ ಅಂತ ಗೊತ್ತಿರುತ್ತದೆ. ಬಡ್ಡಿ ಬೆನ್ನಿಗಿರೋ ಮೆಕ್ಯಾನಿಕ್‌ಗೆ ಅದೂ ಗೊತ್ತಾಗುವುದಿಲ್ಲ. ಇಪ್ಪತ್ತು ವರ್ಷ ಪಳಗಿದ ಕೈ, ಕತ್ತರಿಸಬೇಕಾದ ಜಾಯಿಂಟನ್ನು ಕತ್ತರಿಸದೆ ಸುಮ್ನೆ ಇದ್ದುಬಿಡುತ್ತದೆ.

ರೈತ ತೆಂಗಿನಕಾಯಿ ವ್ಯಾಪಾರಿಯ ಹತ್ತಿರ ಮುಂದಿನ ಕೊಯ್ಲಿನ ಮೇಲೆ ಅಡ್ವಾನ್ಸ್ ತಂದು ನನಗೆ ದುಡ್ಡು ಎಣಿಸಿಕೊಟ್ಟ. ಹಳೇ ಮೋಟರನ್ನು ಗುಜರಿ ಲೆಕ್ಕದಲ್ಲಿ ನಾನೇ ಇಟ್ಟುಕೊಂಡೆ. ದೀಪಾವಳಿಗೆ ಅಂಗಡಿ ಗುಡಿಸುವಾಗ ತಾಮ್ರ ತೆಗೆಯೋಣ ಅಂತ ಅದನ್ನು ಮೂಲೆಯಿಂದ ಎಳೆದುಕೊಂಡೆ. ಜಾಯಿಂಟ್ ಮೇಲಿನ ಟೇಪನ್ನು ಬ್ಲೇಡಿನಲ್ಲಿ ಸೀಳಿದೆ. ಒಳಗೆ ತಾಮ್ರ ಹಸಿರು ಕಟ್ಟಿತ್ತು. ಒಂದು ವೈರಿನ ಪಕ್ಕ ಉಗುರಿನಷ್ಟು ಜಾಗ ಕರಕಲಾಗಿತ್ತು. ಆರು ತಿಂಗಳಾದರೂ ಟೇಪಿನ ಒಳಪದರ ಬೆರಳಿಗೆ ತಣ್ಣಗೆ ತಾಗಿತು. ಆ ಜಾಯಿಂಟ್ ಕತ್ತರಿಸಿ ಎಸೆದು ಮೋಟರಿಗೆ ಮೆಗ್ಗರ್ ಹಾಕಿದೆ. ಮುಳ್ಳು ಆ ತುದಿಗೆ ಹೋಗಿ ನಿಂತಿತು. ವೈಂಡಿಂಗ್‌ಗೆ ಏನೂ ಆಗಿರಲಿಲ್ಲ. ನೀರು ಕುಡಿದಿದ್ದು ಜಾಯಿಂಟ್. ಹೊಸ ಜಾಯಿಂಟ್ ಹಾಕಿದ್ದರೆ ಅವತ್ತೇ ಸಂಜೆ ನೀರು ಬರುತ್ತಿತ್ತು.

ಮರುದಿನ ಲಗೇಜ್ ಆಟೋದಲ್ಲಿ ಮೋಟರ್ ಹಾಕಿಕೊಂಡು ಅವನ ತೋಟಕ್ಕೆ ಹೋದೆ. ಇದ್ದದ್ದು ಇದ್ದ ಹಾಗೆ ಹೇಳಿದೆ. ಅವನು ಬೈಯಲಿಲ್ಲ. ‘ಅಷ್ಟು ದೂರದಿಂದ ಬಂದಿದ್ದೀರಿ’ ಅಂತ ಎಳನೀರು ಕೊಚ್ಚಿ ಕೊಟ್ಟ. ನನಗೆ ಗಂಟಲಲ್ಲಿ ಇಳಿಯಲಿಲ್ಲ. ಲಾಭದ ದುಡ್ಡು ಕೊಟ್ಟು, ಮೋಟರನ್ನು ಅಲ್ಲೇ ಬಿಟ್ಟು ಬಂದೆ. ಆದರೆ ಅಡ್ವಾನ್ಸ್ ತಗೊಂಡಿದ್ದಕ್ಕೆ ಆ ವರ್ಷ ಅವನ ಕಾಯಿ ಕಮ್ಮಿ ರೇಟಿಗೆ ಹೋಗಿತ್ತು. ಅದನ್ನು ಹೇಗೆ ವಾಪಸ್ ಕೊಡಲಿ ಹೇಳು? ಉಳಿದ ಸೆಟ್‌ಗಳನ್ನು ಡೀಲರ್‌ಗೆ ನಷ್ಟದ ಮೇಲೆ ಹಿಂದಕ್ಕೆ ಕೊಟ್ಟೆ. ನಿಮ್ಮ ದೊಡ್ಡಮ್ಮನ ಎರಡು ಬಳೆ ಹೋಯಿತು.

ನಾನು ಚಿಕ್ಕವನಿದ್ದಾಗ ನಮ್ಮೂರ ಬಡಗಿಗೆ ಕಣದಲ್ಲೇ ಆಯ ಅಳೆದು ಕೊಡುತ್ತಿದ್ದರು. ನೇಗಿಲಿಗೆ ಜಾಲಿ ಮರ ರೈತನೇ ತಂದು ಹಾಕಬೇಕು, ಕೈ ಕೆಲಸ ಬಡಗಿಯದು. ವರ್ಷಕ್ಕೆ ಇಷ್ಟು ರಾಗಿ ಅಂತ ಲೆಕ್ಕ. ಹಳೇ ನೇಗಿಲು ಇನ್ನೊಂದು ವರ್ಷ ಬಾಳಿದರೆ ಅವನಿಗೂ ಒಳ್ಳೇದೇ, ಕೆಲಸ ಕಮ್ಮಿ, ರಾಗಿ ಅಷ್ಟೇ. ಆ ಪದ್ಧತಿಯಲ್ಲಿ ಬೇರೆ ಅನ್ಯಾಯಗಳು ಬೇಕಾದಷ್ಟಿದ್ದವು, ಅದು ಮತ್ತೆ ಬರಲಿ ಅಂತ ನಾನು ಹೇಳುತ್ತಿಲ್ಲ. ಆದರೆ ‘ಇದು ಇನ್ನೂ ಬಾಳುತ್ತೆ ಬಿಡಪ್ಪ’ ಅಂತ ಹೇಳೋಕೆ ಆ ಬಡಗಿಗೆ ಕಷ್ಟ ಇರಲಿಲ್ಲ. ಆ ಮಾತು ನಿನಗೂ ಸಲೀಸಾಗಿ ಬರುವ ಹಾಗೆ ನಿನ್ನ ಅಂಗಡಿ ಇರಬೇಕು ಅನ್ನೋದು ನನ್ನ ಆಸೆ.

ನೀನು ಮಾರೋಕೆ ಯಾಕೆ ಹೊರಟೆ ಅಂತ ನನಗೆ ಗೊತ್ತು. ಕೂಲಿ ಗಿಟ್ಟುತ್ತಿಲ್ಲ. ಪಂಪಿಗೆ ಅರವತ್ತು ಸಾವಿರ ಕೇಳಿದರೆ ಜನ ಮಾತಾಡದೆ ಕೊಡುತ್ತಾರೆ, ವೈಂಡಿಂಗ್ ಕೂಲಿಗೆ ಒಂದು ಸಾವಿರ ಜಾಸ್ತಿ ಕೇಳಿದರೆ ಚೌಕಾಸಿ. ಹಾಗಾಗಿ ಕೂಲಿಯನ್ನು ಸಾಮಾನಿನ ಲಾಭದಲ್ಲಿ ಅಡಗಿಸಿಡೋಣ ಅನಿಸುತ್ತದೆ. ಬೇಡ ಮಗಾ. ಕೂಲಿಯನ್ನು ಬಾಯಿ ಬಿಟ್ಟು ಕೇಳು. ತಂತಿ ಎಷ್ಟು ಕೆಜಿ ಹೋಯಿತು, ಬುಷ್ ಎಷ್ಟು, ಥ್ರಸ್ಟ್ ಬೇರಿಂಗ್ ಎಷ್ಟು, ನನ್ನ ಎರಡು ದಿನದ ಕೆಲಸ ಎಷ್ಟು ಅಂತ ಬಿಲ್ಲಿನಲ್ಲಿ ಬೇರೆ ಬೇರೆ ಬರೆ. ಪಂಪ್ ಎತ್ತಿ ನೋಡಿ ‘ಮೋಟರ್ ಚೆನ್ನಾಗಿದೆ’ ಅಂತ ಹೇಳಿದ್ದಕ್ಕೂ ಕೂಲಿ ತಗೋ. ಅದೂ ಕೆಲಸವೇ ಅಲ್ವಾ? ನನ್ನ ಪ್ರಕಾರ ನಮ್ಮ ಕಸುಬಿನಲ್ಲಿ ಅದೇ ಎಲ್ಲಕ್ಕಿಂತ ದೊಡ್ಡ ಕೆಲಸ. ಮೊದಲ ಎರಡು ವರ್ಷ ಗಿರಾಕಿ ಕಮ್ಮಿಯಾಗಬಹುದು. ತಡ್ಕೋ.

ಇನ್ನೊಂದು ವಿಷಯ. ಮಾರೋಕೆ ಶುರು ಮಾಡಿದರೆ ಮೋಟರಿನ ಶಕ್ತಿ, ಅಂದರೆ ಎಚ್‌ಪಿ, ತಾನಾಗಿ ಏರುತ್ತದೆ. 7.5 ಸಾಕಾಗೋ ಕಡೆ ಬಾಯಲ್ಲಿ 12.5 ಬರುತ್ತದೆ. ಬೋರಿಗೆ ಬರೋ ನೀರಿಗಿಂತ ಜಾಸ್ತಿ ಎಳೆಯೋ ಪಂಪ್ ಇಳಿಸಿದರೆ ನೀರಿಲ್ಲದೆ ಒಣಗಿ ತಿರುಗಿ (ಡ್ರೈ ರನ್) ಬುಷ್ ಸವೆಯುತ್ತದೆ. ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್ ಮೇಲೆ ಲೋಡ್ ಬಿದ್ದು ಪಕ್ಕದ ತೋಟದವನ ವೋಲ್ಟೇಜೂ ಇಳಿಯುತ್ತದೆ. ಸರ್ಕಾರ 2008ರಿಂದ ಪುಕ್ಕಟೆ ಕರೆಂಟ್ ಕೊಡುತ್ತಿರೋದು 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗಳಿಗೆ. ಅದನ್ನು ದಾಟಿಸಿದರೆ ರೈತನ ತಲೆ ಮೇಲೆ ಬಿಲ್ ಕೂರುತ್ತದೆ. ನಿನ್ನ ಲಾಭ ಒಂದು ಸಲ, ಅವನ ಬಿಲ್ ತಿಂಗಳು ತಿಂಗಳೂ.

ತೆರಿಗೆ ಲೆಕ್ಕವನ್ನೂ ನೋಡಿಕೋ. ಬರೀ ಸಾಮಾನು ಮಾರುವವರಿಗೆ ವರ್ಷಕ್ಕೆ 40 ಲಕ್ಷದವರೆಗೆ ಜಿಎಸ್‌ಟಿ ನೋಂದಣಿ ಬೇಡ. ಕೆಲಸವನ್ನೂ ಮಾಡಿ ಸಾಮಾನನ್ನೂ ಮಾರಿದರೆ ಮಿತಿ 20 ಲಕ್ಷ. ಪಂಪ್, ಕೇಬಲ್, ಪೈಪ್, ಪ್ಯಾನೆಲ್ ಎಲ್ಲ ನಿನ್ನ ಬಿಲ್ಲಿನಲ್ಲೇ ಹೋದರೆ 20 ಲಕ್ಷ ದಾಟೋಕೆ ಬಹಳ ದಿನ ಬೇಡ. 2019ರ ಗ್ರಾಹಕ ಕಾಯ್ದೆಯಲ್ಲಿ ತಯಾರಿಸಿದವರ ಜೊತೆ ಮಾರಿದವನನ್ನೂ, ರಿಪೇರಿ ಮಾಡಿದವನನ್ನೂ ಹೊಣೆ ಮಾಡಬಹುದು. ನೀನು ಎರಡೂ ಆಗುತ್ತೀಯ.

ಹಾಗಾದರೆ ಏನೂ ಮಾರಬಾರದಾ ಅಂತ ಕೇಳುತ್ತೀಯ. ಮಾರು. ಬುಷ್, ಕಾರ್ಬನ್, ಕೆಪಾಸಿಟರ್, ಸ್ಟಾರ್ಟರ್ ಕಾಯಿಲ್, ಕೇಬಲ್, ಜಾಯಿಂಟ್ ಕಿಟ್ ಇವೆಲ್ಲ ಇಟ್ಟುಕೋ. ರಿಪೇರಿ ನಿಲ್ಲಬಾರದು ಅಂದರೆ ಇವು ಕೈಗೆಟುಕುವ ಹಾಗೆ ಇರಬೇಕು. ಹೊಸ ಪಂಪ್ ಮಾತ್ರ ಇಡಬೇಡ. ನಿಜಕ್ಕೂ ಹೊಸದೇ ಬೇಕಾದಾಗ ರೈತನ ಜೊತೆ ನೀನೇ ಅಂಗಡಿಗೆ ಹೋಗು. ಐಎಸ್‌ಐ ಗುರುತು, ನೀರು ಎಷ್ಟು ಎತ್ತರಕ್ಕೆ ಏರುತ್ತೆ ಅನ್ನೋ ಹೆಡ್ಡು, ಸ್ಟೇಜ್ ಎಲ್ಲ ನೋಡಿ ಆರಿಸಿಕೊಡು. ಅರ್ಧ ದಿನದ ಕೂಲಿ ರೈತನ ಹತ್ತಿರ ತಗೋ. ಅಂಗಡಿಯವರು ನಿನಗೆ ಕಮಿಷನ್ ಕವರ್ ಕೊಡೋಕೆ ಬರುತ್ತಾರೆ, ಅದನ್ನು ಬಿಲ್ಲಿನಲ್ಲೇ ಇಳಿಸಿ ಅನ್ನು. ಇಳಿಸಿದ ಮೇಲೆ ಒಂದು ವರ್ಷ ಏನೇ ಆದರೂ ನಾನು ಬರ್ತೀನಿ ಅಂತ ಚೀಟಿ ಬರೆದುಕೊಡು. ಇಬ್ಬರ ಮಧ್ಯೆ ಅಲೆಯೋ ಕಷ್ಟ ಅಲ್ಲಿಗೆ ಅರ್ಧ ತಪ್ಪುತ್ತದೆ.

ಇಷ್ಟೆಲ್ಲ ಓದಿಯೂ ಮಳಿಗೆ ಹಿಡಿಯುತ್ತೇನೆ ಅಂದರೆ ನಾನು ಕೋಪ ಮಾಡಿಕೊಳ್ಳುವುದಿಲ್ಲ. ಆದರೆ ಸಾಲದ ಮಾಲು ತರಬೇಡ. ಕೈಯಲ್ಲಿರೋ ದುಡ್ಡಿಗೆ ಒಂದೇ ಸೆಟ್ ತಂದಿಡು.

ಗೌರಿ ಹಬ್ಬಕ್ಕೆ ಬರುತ್ತೀಯಲ್ಲ, ಆಗ ನನ್ನ ಮೆಗ್ಗರ್ ತಗೊಂಡು ಹೋಗು. ಕೈಯಲ್ಲಿ ತಿರುಗಿಸೋದು, ಹಳೇದು, ಆದರೆ ಮುಳ್ಳು ಸರಿಯಾಗಿದೆ. ಚೀಲದ ಪಟ್ಟಿ ಕಿತ್ತುಹೋಗಿದೆ, ಅಷ್ಟರಲ್ಲಿ ಹೊಲಿಸಿಡುತ್ತೇನೆ.

ಇಂತಿ ನಿನ್ನ,
ದೊಡ್ಡಪ್ಪ