ಗಂಜೀಫಾ ಎಲೆಗಳನ್ನು ಮಕ್ಕಳ ಕೈಗೆ ಕೊಡಲು ದೇಣಿಗೆಯ ಮನವಿ

ಮಾನ್ಯರೇ,

ಮೈಸೂರಿನ ಗಂಜೀಫಾ ಚಿತ್ರಗಳನ್ನು ತಾವು ಗಾಜಿನ ಚೌಕಟ್ಟಿನೊಳಗೆ ನೋಡಿರಬಹುದು. ಅವು ಕಲೆಸಿ, ಹಂಚಿ, ಆಡಲೆಂದೇ ದುಂಡಗೆ ಕತ್ತರಿಸಿದ ಎಲೆಗಳೆಂಬುದು ಈಗ ಹೆಚ್ಚಿನವರಿಗೆ ಮರೆತೇಹೋಗಿದೆ. ನಮ್ಮ ಶಾಲೆಯ ವಿಶ್ವಸ್ಥ ಮಂಡಳಿಯು ಈ ಆಟವನ್ನು ಮಕ್ಕಳಿಗೆ ಕಲಿಸಲು ನಿಶ್ಚಯಿಸಿದ್ದು, ಕೈಯಿಂದ ಚಿತ್ರಿಸಿದ ದಶಾವತಾರದ ಕಟ್ಟುಗಳನ್ನು ಮಾಡಿಸಲು ತಮ್ಮ ನೆರವನ್ನು ಕೋರುತ್ತಿದೆ.

ಸಿಂಧ್‌ನ ಶಾಹ್ ಹಸನನಿಗೆ ಗಂಜೀಫಾ ಕಳುಹಿಸಿದ ಸಂಗತಿಯನ್ನು ಬಾಬರನು 1527ರಲ್ಲಿ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಮೊಘಲರ ಕಟ್ಟಿನಲ್ಲಿ 8 ಬಣ್ಣಗಳೂ (ಅಂದರೆ ಒಂದೇ ಗುರುತಿನ ಎಲೆಗಳ ಗುಂಪುಗಳೂ) 96 ಎಲೆಗಳೂ ಇದ್ದವು. ದಶಾವತಾರದ ಕಟ್ಟಿನಲ್ಲಿ ಅವು 10 ಬಣ್ಣ, 120 ಎಲೆಗಳಾದವು. ಮತ್ಸ್ಯನಿಗೆ ಮೀನು, ವಾಮನನಿಗೆ ಕಮಂಡಲು, ಪರಶುರಾಮನಿಗೆ ಕೊಡಲಿ ಎಂಬಂತೆ ಒಂದೊಂದು ಅವತಾರಕ್ಕೆ ಒಂದೊಂದು ಗುರುತು, ಪ್ರತಿ ಬಣ್ಣಕ್ಕೂ ರಾಜ, ಮಂತ್ರಿ ಮತ್ತು 1ರಿಂದ 10ರವರೆಗಿನ ಎಲೆಗಳು. ಐದು ಬಣ್ಣಗಳಲ್ಲಿ ಮಂತ್ರಿಯ ನಂತರ 10 ದೊಡ್ಡದಾದರೆ ಉಳಿದ ಐದರಲ್ಲಿ 1 ದೊಡ್ಡದು. ಹಗಲಿನಲ್ಲಿ ರಾಮನ ಬಣ್ಣದ ರಾಜ ಕೈಯಲ್ಲಿರುವವನು, ರಾತ್ರಿಯಲ್ಲಿ ಕೃಷ್ಣನ ಬಣ್ಣದ ರಾಜ ಇರುವವನು ಆಟ ಆರಂಭಿಸಬೇಕು. ತುರುಪು ಇಲ್ಲ. ಮೂವರು ಕುಳಿತರೆ ತಲಾ 40 ಎಲೆ. ಅಷ್ಟನ್ನು ಹಿಡಿಯುವುದೇ ಕಸರತ್ತು, ಯಾವ ಎಲೆ ಆಗಲೇ ಹೋಯಿತೆಂದು ನೆನಪಿಡುವುದು ಅದಕ್ಕಿಂತ ದೊಡ್ಡ ಕಸರತ್ತು. (ಇಸ್ಪೀಟೆಂದರೆ ಹುಬ್ಬುಗಂಟಿಕ್ಕುವ ಹಿರಿಯರಿಗೆ ಬಿನ್ನಹ: ಇಲ್ಲಿ ಪಣದ ಮಾತೇ ಇಲ್ಲ.)

ಮುಮ್ಮಡಿ ಕೃಷ್ಣರಾಜ ಒಡೆಯರು ಇಷ್ಟಕ್ಕೇ ತೃಪ್ತರಾಗದೆ ಛದಗಳೆಂಬ ಹೊಸ ಎಲೆಯಾಟಗಳನ್ನೇ ರೂಪಿಸಿದರು. ಅವರ 'ಶ್ರೀತತ್ತ್ವನಿಧಿ' ಗ್ರಂಥದ ಕೌತುಕನಿಧಿ ಎಂಬ ಭಾಗದಲ್ಲಿ ಅವುಗಳ ವಿವರಗಳಿದ್ದು, ಚಾಮುಂಡೇಶ್ವರಿ ಛದವೊಂದಕ್ಕೇ 320 ಎಲೆಗಳು ಬೇಕು. ಮುಂದೆ ಅಗ್ಗದ ಮುದ್ರಿತ ಇಸ್ಪೀಟು ಬಂದು ಈ ಆಟಗಳು ಮೂಲೆ ಸೇರಿದವು. ಮೈಸೂರು ಗಂಜೀಫಾಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿರುವುದು ಸಂತೋಷವೇ ಆದರೂ, ಅದು ಕುಂಚವನ್ನು ಉಳಿಸೀತೇ ಹೊರತು ಆಟವನ್ನಲ್ಲ.

ಒಡಿಶಾದ ಚಿತ್ರಕಾರರು ಇಂದಿಗೂ ಮಾಡುವಂತೆ, ಬಟ್ಟೆಯ ಪದರಗಳನ್ನು ಹುಣಸೆಬೀಜದ ಅಂಟಿನಿಂದ ಕೂಡಿಸಿ, ಸೀಮೆಸುಣ್ಣದ ಪುಡಿ ಬಳಿದು, ಉಜ್ಜಿ ನಯಗೊಳಿಸಿದ ಬಿಲ್ಲೆಗಳ ಮೇಲೆ ಚಿತ್ರ ಬರೆಸಬೇಕೆಂಬುದು ನಮ್ಮ ಅಪೇಕ್ಷೆ. ಮುದ್ರಿತ ಎಲೆಗಳಿಂದ ಕೆಲಸ ಸಾಗದೆಂದಲ್ಲ; ಆದರೆ ಈ ವಿದ್ಯೆ ಬಲ್ಲ ಕೈಗಳಿಗೂ ಕೆಲಸ ಸಿಗಬೇಕು.

ದಾನಿಗಳು ಒಂದು ಎಲೆಯ, ಒಂದು ಅವತಾರದ 12 ಎಲೆಗಳ ಅಥವಾ ಪೂರ್ತಿ ಕಟ್ಟಿನ ವೆಚ್ಚವನ್ನು ವಹಿಸಿಕೊಳ್ಳಬಹುದು. ಹಳೆಯ ಎಲೆಗಳು ಮನೆಯಲ್ಲಿದ್ದರೆ, ಬಿಡಿಯಾಗಿದ್ದರೂ ಸರಿಯೇ, ಮಾದರಿಗಾಗಿ ಎರವಲು ಕೊಟ್ಟು ಸಹಕರಿಸಬೇಕು. ದೇಣಿಗೆಯನ್ನು ಶಾಲೆಯ ಕಚೇರಿಯಲ್ಲಿ ಸಲ್ಲಿಸಿ ರಸೀದಿ ಪಡೆಯಬೇಕಾಗಿ ವಿನಂತಿ.

ಇಂತು,
ವಿಶ್ವಸ್ಥ ಮಂಡಳಿ