ಅಮ್ಮನಿಗೆ, ಕೋಪನ್‌ಹೇಗನ್‌ನಿಂದ

ನವೆಂಬರ್ 23

ಅಮ್ಮಾ,

ನಾನು ಚೆನ್ನಾಗಿದ್ದೇನೆ. ಅಲ್ಲಿ ಎಲ್ಲರೂ ಆರಾಮ ಅಂದುಕೊಂಡಿದ್ದೇನೆ. ಫೋನಿನಲ್ಲಿ ಮಾತಾಡಿದರೆ ಅಪ್ಪನಿಗೆ ಕೇಳಿಸುತ್ತೆ ಅಂತ ಪತ್ರ ಬರೆದಿದ್ದೀಯಲ್ಲ, ನಾನೂ ಪತ್ರದಲ್ಲೇ ಉತ್ತರ ಕೊಡ್ತೀನಿ.

ಮೊದಲು ಚಿಕ್ಕಿಗೆ ಹೇಳು, ನನ್ನ ಚರ್ಮದ ಸೋರಿಯಾಸಿಸ್‌ಗೆ ಇಲ್ಲಿ ಕೊಡ್ತಿರೋದು ಬೆಳಕಿನ ಚಿಕಿತ್ಸೆ, ನನಗೆ ಯಾರೂ ಕರೆಂಟ್ ಕೊಡ್ತಿಲ್ಲ. ಕ್ಯಾನ್ಸರಿಗೆ ಕೊಡುವ ರೇಡಿಯೇಷನ್ನೂ ಅಲ್ಲ. ಬಿಸಿಲಿನಲ್ಲಿರುವ ಅತಿನೇರಳೆ ಕಿರಣದಲ್ಲಿ 311 ನ್ಯಾನೋಮೀಟರ್ ಅಲೆಯುದ್ದದ ಆಸುಪಾಸಿನದನ್ನಷ್ಟೇ ಬಿಡುವ ಟ್ಯೂಬ್‌ಲೈಟು. ನಮ್ಮನೆ ಬೀರುವಿನಂಥ ಪೆಟ್ಟಿಗೆ, ಒಳಗೆ ಸುತ್ತಲೂ ಟ್ಯೂಬು. ಕಣ್ಣಿಗೆ ಕಪ್ಪು ಕನ್ನಡಕ ಕಟ್ಟಿಕೊಂಡು ನಡುವೆ ನಿಲ್ಲಬೇಕು. ಮೊದಲ ದಿನ ಬಟ್ಟೆ ಬಿಚ್ಚಿಡಲು ಹಿಡಿದಷ್ಟು ಹೊತ್ತೂ ಲೈಟು ಉರಿಯಲಿಲ್ಲ. ಆಮೇಲೆ ಸ್ವಲ್ಪಸ್ವಲ್ಪ ಹೆಚ್ಚಿಸುತ್ತಾರೆ. ವಾರಕ್ಕೆ 3 ಸಲ, ನಿನ್ನೆಗೆ 14 ಆಯ್ತು. 20ರಿಂದ 30 ಬೇಕಾಗಬಹುದು. ಇಲ್ಲಿನ ಸರ್ಕಾರದ ಹಳದಿ ಆರೋಗ್ಯ ಕಾರ್ಡ್ ತೋರಿಸಿದರೆ ಸಾಕು, ದುಡ್ಡಿಲ್ಲ. ಅಪ್ಪನಿಗೆ ಇದನ್ನ ಮಾತ್ರ ಹೇಳು, ಖುಷಿಯಾಗ್ತಾರೆ.

ಜಡೆಯನ್ನು ಪ್ರತಿ ಸಲ ಒಂದೇ ಎತ್ತರಕ್ಕೆ ಸುತ್ತಿ ಕಟ್ಟಬೇಕು. ಒಂದು ದಿನ ಇನ್ನೂ ಮೇಲಕ್ಕೆ ಕಟ್ಟಿದರೆ, ಅಲ್ಲಿಯವರೆಗೆ ಬೆಳಕು ಕಾಣದ ಕತ್ತಿನ ಜಾಗ ಕೆಂಪಗೆ ಸುಡುತ್ತೆ. ನೀನು ಕೊಟ್ಟ ಸರ ತೆಗೆದಿಟ್ಟಿದ್ದೇನೆ. ಬೈಬೇಡ.

ಇಲ್ಲಿ ಈಗ ನಾಲ್ಕು ಗಂಟೆಗೇ ಕತ್ತಲು. ಬೆಳಕಿನ ಬೆಲೆ ಇವರಿಗೆ ಗೊತ್ತು. ಚರ್ಮದ ಕ್ಷಯವನ್ನು ಬೆಳಕಿನಿಂದ ವಾಸಿ ಮಾಡಿದ್ದಕ್ಕೆ ಇಲ್ಲಿನ ಫಿನ್ಸೆನ್ ಅನ್ನೋ ಡಾಕ್ಟರಿಗೆ 1903ರಲ್ಲೇ ನೊಬೆಲ್ ಬಂತು. ಅವರ ನೆನಪಿಗೆ ಆಕಾಶಕ್ಕೆ ಕೈ ಚಾಚಿದ ಕಂಚಿನ ಪ್ರತಿಮೆ ಇದೆ. ಮೈಮೇಲೆ ಬಟ್ಟೆ ಇಲ್ಲ, ಅಪ್ಪ ಬಂದರೆ ಆ ರಸ್ತೆಯಲ್ಲಿ ಕರ್ಕೊಂಡು ಹೋಗಲ್ಲ!

ಅಜ್ಜಿ ಬಾವಂಚಿ ಎಣ್ಣೆ ಹಚ್ಚಿ ಅಂಗಳದಲ್ಲಿ ಕೂರಿಸಿ, ನನ್ನ ಮೊಣಕೈ ಬೊಬ್ಬೆ ಎದ್ದಿತ್ತಲ್ಲ? ಅದರಲ್ಲಿರುವ ಸೋರಲೆನ್ ಅನ್ನೋ ಅಂಶ ಬಿಸಿಲನ್ನು ಚರ್ಮಕ್ಕೆ ಜಾಸ್ತಿ ನಾಟಿಸುತ್ತೆ. ಡಾಕ್ಟರುಗಳೂ ಸೋರಲೆನ್ ಮಾತ್ರೆ ಕೊಟ್ಟು ಲೈಟಿನಲ್ಲಿ ನಿಲ್ಲಿಸುತ್ತಿದ್ದರು. ಅಜ್ಜಿಗೆ ಅಳತೆ ಗೊತ್ತಿರಲಿಲ್ಲ, ಅಷ್ಟೇ. ಆದರೆ ಪಾರ್ಸೆಲ್‌ನಲ್ಲಿ ಆ ಎಣ್ಣೆ ಇಡಬೇಡ, ಈ ಲೈಟಿನ ಜೊತೆ ಸುಟ್ಟುಹೋಗ್ತೀನಿ. ಚಟ್ನಿಪುಡಿ ಇಡು.

ಈಗ ಸಾಗರದ ಗಂಡಿನ ಕಡೆಯವರ ವಿಷಯ. "ಮದುವೆ ಆಗೋವರೆಗೆ ಬಾಯಿ ಬಿಡಬೇಡ" ಅಂತ ಬರೆದಿದ್ದೀಯ. ಅದು ನನ್ನ ಕೈಲಿ ಆಗಲ್ಲಮ್ಮ. ಬೆಳಿಗ್ಗೆ ಹಾಸಿಗೆ ಕೊಡವಿದರೆ ಹೊಟ್ಟು ಉದುರುತ್ತಿತ್ತು, ಅದನ್ನ ಯಾರಿಂದ ಎಷ್ಟು ದಿನ ಮುಚ್ಚಿಡಲಿ? ಸೋರಿಯಾಸಿಸ್ ಅಂಟುರೋಗ ಅಲ್ಲ. ತೊನ್ನೂ ಅಲ್ಲ. ಪೂರ್ತಿ ಹೋಗುತ್ತೆ ಅಂತ ಡಾಕ್ಟರೂ ಹೇಳಿಲ್ಲ, ಮತ್ತೆ ಬರಬಹುದು, ಆಗ ಮತ್ತೆ ಪೆಟ್ಟಿಗೆಯೊಳಗೆ ನಿಂತರಾಯ್ತು. ಮಕ್ಕಳಾಗೋದಕ್ಕೆ ತೊಂದರೆ ಇಲ್ಲ. ಈ ಕಾಯಿಲೆಗೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆ ಬಸುರಿಯರು ತಗೋಬಾರದು, ಅದಕ್ಕೇ ಬೆಳಕನ್ನು ಆರಿಸಿಕೊಂಡೆ. ಬಸುರಿಯರಿಗೂ ಇದನ್ನ ಕೊಡುತ್ತಾರೆ. ಮೈ ಸ್ವಲ್ಪ ಕಪ್ಪಾಗಿದೆ, ನಿಲ್ಲಿಸಿದ ಮೇಲೆ ಕಡಿಮೆಯಾಗುತ್ತೆ. ನಿಜವಾಗಲೂ ಚೆನ್ನಾಗಿದ್ದೀನಿ. ತುರಿಕೆ ಇಲ್ಲ, ನಿದ್ದೆ ಬರುತ್ತೆ, ಊಟ ಮಾಡ್ತೀನಿ. ಅಳಬೇಡ.

ಮುಂದಿನ ಭಾನುವಾರ ಅವರು ವಿಡಿಯೋ ಕಾಲ್ ಮಾಡುವಾಗ ಗಿಡ್ಡ ತೋಳಿನ ಕುರ್ತಾ ಹಾಕಿಕೊಂಡು ಕೂರ್ತೀನಿ. ನೀನು ಮೊದಲೇ ಹೇಳಿದ್ದರೆ ಒಳ್ಳೆಯದು.

ಊರಿಗೆ ಹೊರಟಿರುವ ಗೆಳತಿ ಬಾಗಿಲಲ್ಲೇ ನಿಂತಿದ್ದಾಳೆ, ಇದನ್ನ ಅವಳ ಕೈಲಿ ಕೊಡಬೇಕು. ಅಪ್ಪನ ಬಿಪಿ ಮಾತ್ರೆ ತಪ್ಪಿಸಬೇಡ. ಚಟ್ನಿಪುಡಿ ಮರೀಬೇಡ.

ನಿನ್ನ,
ಪುಟ್ಟಿ